ಒಂದು ಲೋಟದಿಂದ ಏನೂ ಆಗದು

ಗಂಡನ ಅಂಗಿಗೆ ಇಸ್ತ್ರಿ ಹಾಕುತ್ತ ಹೆಂಡತಿ ಕೇಳಿದರು: "ಒಂದು ಲೋಟ ನೀರು ಕುಡಿಯೋಕೆ ಸರ್ಕಾರಕ್ಕೆ ನೀವೇ ಆಗ್ಬೇಕಾ? ಆ ಪ್ರಶಸ್ತಿ ಕೊಟ್ಟಿದ್ದು ನಿಮ್ಮ ತಲೆಗೆ ಅಂದ್ಕೊಂಡಿದ್ದೆ. ಗಂಟಲಿಗೆ ಅಂತ ಈಗ ಗೊತ್ತಾಯ್ತು."

ವಿಜ್ಞಾನಿ ನಗಲು ನೋಡಿದರು, ಆಗಲಿಲ್ಲ. ಭೌತವಿಜ್ಞಾನದಲ್ಲಿ ದೊಡ್ಡ ಪ್ರಶಸ್ತಿ ಪಡೆದವರು ಅವರು. ಪಾಠ, ಪ್ರಯೋಗಾಲಯ ಎರಡನ್ನೂ ಬಿಟ್ಟು ಸರ್ಕಾರದ ಸಲಹೆಗಾರರಾದಾಗ, ಒಳಗಿದ್ದರೆ ನಾಲ್ಕು ಜನಕ್ಕೆ ಒಳ್ಳೆಯದು ಮಾಡಬಹುದೆಂದು ನಂಬಿದ್ದರು. ಈಗ ಅವರ ಸಲಹೆ ಯಾರಿಗೂ ಬೇಕಿರಲಿಲ್ಲ; ಹೆಸರು ಮಾತ್ರ ಬೇಕಿತ್ತು.

ಯುರೇನಿಯಂ ಗಣಿಯ ಕೆಸರು ತುಂಬಿದ ಹೊಂಡ ವರ್ಷಗಳಿಂದ ಸೋರಿ, ಕೆಳಗಿನ ಬಡಾವಣೆಯ ಕೊಳವೆಬಾವಿಗೆ ವಿಕಿರಣ ಸೂಸುವ ಅಂಶ ಸೇರಿತ್ತು. ಅಳೆದು ಹೇಳಿದವರು ಅವರೇ. ವರ್ಷಗಟ್ಟಲೆ ಕುಡಿದರೆ ಮೂಳೆಯಲ್ಲಿ ಕೂರುತ್ತದೆ, ಮಕ್ಕಳಿಗಂತೂ ಇನ್ನೂ ಬೇಗ ಎಂದಿದ್ದರು. ಆ ಮಾತು ಕಚೇರಿಯ ಬಾಗಿಲು ದಾಟಲಿಲ್ಲ. ಊರಲ್ಲಿ ಗುಸುಗುಸು ಮಾತ್ರ ಹಬ್ಬಿತು. ಅದನ್ನು ಅಡಗಿಸಲು ಅವರು ಬಡಾವಣೆಗೆ ಹೋಗಿ ಎಲ್ಲರೆದುರು ಆ ನೀರು ಕುಡಿದು ತೋರಿಸಬೇಕಿತ್ತು.

ಕಾರಿನಲ್ಲಿ ಇಲಾಖೆಯ ಕಾರ್ಯದರ್ಶಿ ಸಮಾಧಾನದಿಂದಲೇ ಮಾತಾಡಿದ. ಕೆಟ್ಟವನಲ್ಲ, ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು.

"ಸರ್, ಇವತ್ತು ಕೊಳಾಯಿ ಮುಚ್ಚಿದ್ರೆ ನಾಳೆ ಅವ್ರು ಏನ್ ಕುಡೀಬೇಕು? ಟ್ಯಾಂಕರ್ ಸಾಲಲ್ಲ. ಹೊಸ ಪೈಪು ಬರೋಕೆ ಎರಡು ವರ್ಷ. ಗಾಬರಿಯಾಗಿ ಜನ ಬೀದಿಗಿಳಿದ್ರೆ ಪೊಲೀಸರನ್ನ ಕರೀಬೇಕಾಗುತ್ತೆ. ಒಂದು ಲೋಟದಿಂದ ನಿಮಗೇನಾದ್ರೂ ಆಗುತ್ತಾ? ನೀವೇ ಹೇಳಿ."

"ಏನೂ ಆಗಲ್ಲ."

"ಮತ್ತೆ?"

ಅವರು ಸಿಕ್ಕಿಬಿದ್ದದ್ದು ಅಲ್ಲೇ. ಬಾಯಿಬಿಟ್ಟು ಸುಳ್ಳು ಹೇಳಿ ಎಂದು ಯಾರೂ ಕೇಳಿರಲಿಲ್ಲ. ಕುಡಿದರೆ ಸಾಕಿತ್ತು. ಒಲ್ಲೆನೆಂದರೆ ಅವರ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಅವನು ಅಳೆಯುವುದೂ ಇಲ್ಲ. ಹೀಗೆ ತಮಗೆ ತಾವೇ ಹೇಳಿಕೊಳ್ಳುತ್ತ ಇಳಿದರು.

ಕೊಳಾಯಿ ಕಟ್ಟೆಯ ಸುತ್ತ ಜನ ಸೇರಿದ್ದರು. "ನೀರು ವಾರಕ್ಕೆರಡು ಸಲ ಬರುತ್ತೆ, ಸಾಹೇಬ್ರು ದಿನಾ ಬರ್ತಾರೆ" ಎಂದು ಕ್ಷೌರದಂಗಡಿಯ ಮುದುಕ ಗೊಣಗಿದ. ಕೆಲವರು ನಕ್ಕರು. ವಿಜ್ಞಾನಿ ಲೋಟ ಹಿಡಿದು, ತುಂಬಿಸಿ, ಒಂದೇ ಉಸಿರಿಗೆ ಕುಡಿದರು. ಕ್ಯಾಮೆರಾಗಳು ಮಿಂಚಿದವು. ಬಿಗಿದುಕೊಂಡಿದ್ದ ಮುಖಗಳು ಸಡಿಲಾದವು. ಆಗಲೇ ಒಬ್ಬಳು ಕೊಡ ತಂದು ಕೊಳಾಯಿಗೆ ಹಿಡಿದಳು. ಆ ಕೊಡ ತುಂಬುವ ಸದ್ದು ಅವರಿಗೆ ಸಹಿಸಲಾಗಲಿಲ್ಲ.

ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಕೂಸನ್ನು ಸೊಂಟದಲ್ಲಿಟ್ಟುಕೊಂಡು ಮುಂದೆ ಬಂದಳು. ಕೈಯಲ್ಲಿ ಹಾಲಿನ ಬಾಟಲಿ.

"ಸಾರ್, ನನಗೆ ಎದೆಹಾಲಿಲ್ಲ. ಈ ನೀರಲ್ಲೇ ಪುಡಿ ಕಲಸಿ ಕೊಡೋದು. ಜನ ಏನೇನೋ ಅಂದಾಗಿಂದ ಕೊಡೋಕೆ ಕೈಯೇ ಬರ್ತಿರಲಿಲ್ಲ. ನೀವು ಕುಡಿದ್ರಲ್ಲ, ಧೈರ್ಯ ಬಂತು. ಮೊದಲ ಗುಟುಕು ನೀವೇ ಕುಡಿಸಿಬಿಡಿ. ನಿಮ್ಮಂಥೋರ ಕೈಗುಣ ಒಳ್ಳೇದಿರುತ್ತೆ."

"ಕುಡಿಸಿ ಸರ್" ಎಂದು ಕಾರ್ಯದರ್ಶಿ ಪಿಸುಗುಟ್ಟಿದ. "ಒಳ್ಳೇ ಫೋಟೋ."

ಒಂದು ಬಾಟಲಿಯಿಂದಲೂ ಏನೂ ಆಗದು. ಲೆಕ್ಕ ಅದೇ. ವಿಜ್ಞಾನಿ ಬಾಟಲಿ ತೆಗೆದುಕೊಂಡರು. ಕೂಸು ಹಸಿದಿತ್ತು, ಅವರ ಮಣಿಕಟ್ಟು ಹಿಡಿದು ತಾನೇ ಬಾಯಿಗೆ ಎಳೆದುಕೊಂಡಿತು. ತುಟಿಗೆ ತಾಕುವಷ್ಟರಲ್ಲಿ ಅವರು ಕೈ ಹಿಂದೆಗೆದರು. ಕೂಸು ಕಿರುಚಿ ಅತ್ತಿತು.

"ಬೇಡಮ್ಮ."

"ಯಾಕೆ ಸಾರ್, ಬಿಸಿ ಇದ್ಯಾ?"

"ಬಿಸಿ ಇಲ್ಲ. ಈ ನೀರು ಮಗೂಗೆ ಬೇಡ. ಯಾರಿಗೂ ಬೇಡ."

ಕಾರ್ಯದರ್ಶಿ ಮೊಣಕೈ ಹಿಡಿದ. "ಸರ್, ಕಾರು ಹತ್ತಿ. ಇಲ್ಲಿಗೇ ನಿಮ್ಮ ಕೆಲಸ ಮುಗೀತು, ತಿಳ್ಕೊಳ್ಳಿ."

"ಮುಗೀಲಿ" ಎಂದು ಅವರು ಕೈ ಬಿಡಿಸಿಕೊಂಡರು.

ಹೆಂಗಸು ಬಾಟಲಿಯನ್ನು ನೋಡಿದಳು, ಕೂಸನ್ನು ನೋಡಿದಳು. ಅವಳ ದನಿ ಏರಲಿಲ್ಲ.

"ದೊಡ್ಡವಳಿಗೆ ಐದು ವರ್ಷ ಸಾರ್. ಹುಟ್ಟಿದಾಗಿಂದ ಅವಳಿಗೆ ಇದೇ ನೀರು."

ಅದಕ್ಕೆ ಉತ್ತರ ಅವರಿಗೆ ಗೊತ್ತಿತ್ತು. ಸಮಾಧಾನ ಹೇಳುವಂಥ ಉತ್ತರವಾಗಿರಲಿಲ್ಲ. ಹಿಂದೆ ಕಾರಿನ ಬಾಗಿಲು ಬಡಿಯಿತು. ಕಾರು ಅವರನ್ನು ಬಿಟ್ಟು ಹೊರಟಿತು. ಅವರು ಒದ್ದೆ ಕಟ್ಟೆಯ ಮೇಲೆ ಕುಳಿತರು.

"ಗೊತ್ತಿದ್ದೂ ಕುಡಿದೆ ತಾಯಿ" ಎಂದರು. "ನನಗೆ ಗೊತ್ತಿರೋದನ್ನೆಲ್ಲ ಹೇಳ್ತೀನಿ. ಕೇಳಿ ಆದ್ಮೇಲೆ ನೀವು ಏನು ಬೇಕಾದ್ರೂ ಅನ್ನಿ."

ಕೊಡ ಹಿಡಿದಿದ್ದವಳು, ಮಾತು ಕೇಳಿಸಲೆಂದು ಕೊಳಾಯಿ ನಿಲ್ಲಿಸಿದಳು.