ನಡುವಿನ ಕುರ್ಚಿ

ಮಹಾನಗರದಲ್ಲಿರುವ ನಮ್ಮ ಕರಾವಳಿಯವರ ಸಂಘದ ವೆಬ್‌ಸೈಟಿಗೆ ಮೇಲ್ಗಡೆ ಅಡ್ಡಕ್ಕೆ ಏಳು ವಿಭಾಗಗಳ ಹೆಸರಿನ ಮೆನು ಬೇಕಿತ್ತು. ಯಾವ ಹೆಸರು ಎಲ್ಲಿ ಎಂದು ತೀರ್ಮಾನಿಸಲು ಕಮಿಟಿ ಜೋಗೇಶ್ವರಿಯಲ್ಲಿ, ಅಧ್ಯಕ್ಷ ದೇವಾನಂದರ ಹೋಟೆಲಿನ ಎ.ಸಿ. ರೂಮಿನಲ್ಲಿ ಸೇರಿತು. ಗೋಳಿಬಜೆ ಬಂದೊಡನೆ ಎಲ್ಲರೂ ಯೋಚನೆ ನಿಲ್ಲಿಸಿದರು. ಶುರು ಮಾಡಿದ್ದನ್ನು ನಾನಂತೂ ನೋಡಿರಲಿಲ್ಲ.

ಸೈಟು ಮಾಡುತ್ತಿದ್ದವಳು ನಾನು. ನನಗೆ ಬೇಕಿದ್ದದ್ದು ಒಂದೇ: ‘ರೋಗಿಗಳಿಗೆ ವಸತಿ’ ಮೊದಲು ಕಣ್ಣಿಗೆ ಬೀಳಬೇಕು. ಊರಿನಿಂದ ಚಿಕಿತ್ಸೆಗೆ ಬರುವವರಿಗೆ ಆಂಟಾಪ್ ಹಿಲ್‌ನಲ್ಲಿ ಸಂಘದ ರೂಮುಗಳಿವೆ, ನೋಡಿಕೊಳ್ಳುವವರು ಶೀಲಾವತಿ ಅಕ್ಕ. ಹಳೆಯ ಸೈಟಿನಲ್ಲಿ ಅದು ಶಾಲು ಹೊದೆಸುವ ಫೋಟೋಗಳ ಅಡಿಯಲ್ಲಿ ಹೂತುಹೋಗಿತ್ತು. ಕಳೆದ ತಿಂಗಳು ಬೈಂದೂರಿನ ಗಂಡಹೆಂಡತಿ, ರೂಮು ಖಾಲಿ ಇದ್ದರೂ ಗೊತ್ತಾಗದೆ, ಆಸ್ಪತ್ರೆಯ ಎದುರಿನ ಫುಟ್‌ಪಾತಿನಲ್ಲಿ ಮಲಗಿದ್ದರು.

“ಅಂಕಲ್, ವಸತಿ ಫಸ್ಟ್ ಇಡುವಾ?” ಎಂದೆ.

“ಫಸ್ಟ್ ಅಧ್ಯಕ್ಷರ ಸಂದೇಶ ಮಾರಾಯ್ತಿ,” ಎಂದರು ಕಾರ್ಯದರ್ಶಿ ಪ್ರಶಾಂತ.

ದೇವಾನಂದರ ಮುಖ ಕೆಂಪಾಯಿತು. “ಪ್ರಶಾಂತ, ಸ್ಟೇಜಿನ ತುದಿಯಲ್ಲಿ ಯಾರು ಕೂತುಕೊಳ್ಳುವುದು? ವಂದನಾರ್ಪಣೆಯವ. ನನ್ನನ್ನು ಅಲ್ಲಿ ಕೂರಿಸ್ತೀಯಾ?”

“ಅಯ್ಯೋ ಇಲ್ಲ ಅಣ್ಣ! ನಡುವೆ, ನಡುವೆ!”

ಪರದೆಯ ಪಟ್ಟಿ ಅವರಿಗೆ ವೇದಿಕೆಯಾಗಿತ್ತು. ಮಾಜಿ ಅಧ್ಯಕ್ಷ ಅಣ್ಣು ಹಟ ಹಿಡಿದು ‘ಮಾಜಿಗಳು’ ಎಂಬುದನ್ನು ದೇವಾನಂದರ ಎಡಪಕ್ಕಕ್ಕೆ ಹಾಕಿಸಿಕೊಂಡರು. ನಡುವಯಸ್ಸಿನ ಗಂಡಸರು ಇಲ್ಲದ ಕುರ್ಚಿಗಳಿಗಾಗಿ ಮೊಣಕೈ ತಿವಿದಾಡುತ್ತಿದ್ದರು.

“ವಸತಿಗೆ ಜಾಗ ಎಲ್ಲಿ?” ನನ್ನ ಪಕ್ಕ ಕೂತಿದ್ದ ಶೀಲಾವತಿ ಅಕ್ಕ ಕೇಳಿದರು.

“ಎಡಗಡೆ ತುದಿಗೆ ಹಾಕಿ. ಬೇಜಾರು ಮಾಡ್ಬೇಡಿ ಅಕ್ಕ, ಅಡ್ಜಸ್ಟ್ ಮಾಡಿ,” ಎಂದರು ಪ್ರಶಾಂತ.

ಅಕ್ಕನ ಮುಖ ಬಾಡಿತು. ನಾನು ಮೇಜಿನಡಿ ಅವರ ಕೈ ಒತ್ತಿದೆ. “ಓಕೆ ಅಂಕಲ್, ತುದಿಗೇ.”

ಓದುವವರ ಕಣ್ಣು ಎಡದಿಂದಲೇ ಹೊರಡುತ್ತದೆ, ಮೊಬೈಲಿನಲ್ಲಿ ಆ ಮೊದಲನೆಯದನ್ನು ಮಾತ್ರ ಹೊರಗಿಟ್ಟು ಉಳಿದವನ್ನೆಲ್ಲ ಮೂರು ಗೆರೆಗಳ ಗುಂಡಿಯೊಳಗೆ ಮಡಚಿದ್ದೇನೆ ಎಂದು ವಿವರಿಸಬಹುದಿತ್ತು. ವಿವರಿಸಲು ಎದುರಿನವರ ಮೇಲೆ ಸ್ವಲ್ಪವಾದರೂ ಗೌರವ ಬೇಕು.

ಉದ್ಘಾಟನೆಯ ದಿನ ಲ್ಯಾಪ್‌ಟಾಪಿಗೆ ಮಲ್ಲಿಗೆ ಮಾಲೆ ಹಾಕಿದರು. ವೇದಿಕೆಯ ನಡುವೆ ಕೂತಿದ್ದ ದೇವಾನಂದರು ಮೊಬೈಲ್ ತೆರೆದು ಗಾಬರಿಯಾದರು.

“ಶ್ರಾವ್ಯಾ, ಬರೀ ವಸತಿ ಕಾಣ್ತದೆ! ನಾನೆಲ್ಲಿ?”

“ಒಳಗೆ ಅಂಕಲ್. ಮೂರು ಗೆರೆ ಒತ್ತಿ.”

ಒತ್ತಿದರು. ಎಡಗಡೆಯದ್ದು ಮೇಲಾಗಿ, ಹೆಸರುಗಳು ಒಂದರ ಕೆಳಗೊಂದು ಇಳಿದವು.

“ಈ ಅಣ್ಣು ನನ್ನ ತಲೆ ಮೇಲೆ ಯಾಕೆ ಕೂತಿದ್ದಾನೆ?”

ಮೈಕ್ ಆನ್ ಇತ್ತು. ಅಣ್ಣು ಎದ್ದು ನಿಂತರು. ಇಬ್ಬರ ಜಗಳ ಸಭಾಂಗಣದ ತುಂಬ ಕೇಳುತ್ತಿರಲು, ಶೀಲಾವತಿ ಅಕ್ಕ ರಿಂಗಾಗುತ್ತಿದ್ದ ಫೋನ್ ಹಿಡಿದು ಬಾಗಿಲಾಚೆ ನಡೆದರು.

“ಹ್ಞಾಂ, ರೂಮು ಉಂಟು. ಕುಂದಾಪುರದಿಂದಲಾ? ಬನ್ನಿ, ಬನ್ನಿ.”