ಮನೆಗೆ ಟಗರಾದರೆ ರಾಜಧಾನಿಗೆ?

ದೇವಸಮುದ್ರದ ಸುತ್ತಮುತ್ತ ಮೇಸ್ತ್ರಿ ಯತ್ತಪ್ಪ ಟಗರಿನ ರಕ್ತ ಬೀಳದೆ ಬುನಾದಿಗೆ ಕಲ್ಲಿಟ್ಟವನಲ್ಲ. "ಭೂಮ್ತಾಯಿ ಬಾಯಿಗೆ ಬಿಸಿ ರಕ್ತ ಬೀಳ್ಬೇಕು, ಇಲ್ಲಾಂದ್ರೆ ಗೋಡೆ ನಿಲ್ಲಂಗಿಲ್ಲ" ಎಂದು ಅವನು ಹೇಳಿದರೆ ಊರಿಗೆ ಊರೇ ತಲೆದೂಗುತ್ತಿತ್ತು. ಪಾಲಮ್ಮನೂ ತಲೆದೂಗಿದವಳೇ. ಅವಳ ಗಂಡ ದುರುಗೇಶ ಯತ್ತಪ್ಪನ ಜೊತೆ ಗಾರೆ ಕೆಲಸಕ್ಕೆ ಹೋಗುತ್ತಿದ್ದ.

ಆಗ ಮಲೇಶಿಯಾದವರು ತಮ್ಮ ದೇಶದ ಆಡಳಿತಕ್ಕೆಂದು ಹೊಸ ರಾಜಧಾನಿಯನ್ನೇ ಕಟ್ಟುತ್ತಿದ್ದರು. ರಸ್ತೆ, ಕೆರೆ, ಕಚೇರಿ ಎಲ್ಲವೂ ಮೊದಲು ಕಾಗದದ ಮೇಲೆ, ಆಮೇಲೆ ನೆಲದ ಮೇಲೆ! ಯತ್ತಪ್ಪ ದುರುಗೇಶನನ್ನು ಆ ಕೆಲಸಕ್ಕೆ ಕರೆದೊಯ್ದ. "ಬಂದು ನಮ್ಮನೇನೂ ನಾನೇ ಕಟ್ತೀನಿ" ಎಂದು ಪಾಲಮ್ಮನಿಗೆ ಹೇಳಿ ಹೋದ ದುರುಗೇಶ, ಒಂದು ದಿನ ಎಸ್‌ಟಿಡಿ ಬೂತಿಗೆ ಫೋನು ಮಾಡಿ, "ಸೆಂಟ್ರಿಂಗ್ ಹಲಗೆ ಗಟ್ಟಿ ಇಲ್ಲ ಕಣೇ, ಅಷ್ಟೆತ್ತರ ಹತ್ತಾಕೆ ಭಯ ಆಗ್ತೈತೆ" ಎಂದ. ಮತ್ತೆ ಅವನ ದನಿ ಕೇಳಲಿಲ್ಲ.

ಯತ್ತಪ್ಪ ಒಬ್ಬನೇ ಬಂದ. ದುರುಗೇಶನ ಅಂಗಿ, ವಾಚನ್ನು ಪಾಲಮ್ಮನ ಮುಂದಿಟ್ಟು ಗಳಗಳನೆ ಅತ್ತ.

"ಹಲಗೆ ಜಾರ್ತು ಕಣವ್ವ, ಮೇಲಿಂದ ಬಿದ್ಬಿಟ್ಟ. ಸೊಂಟಕ್ಕೆ ಬೆಲ್ಟೂ ಕೊಟ್ಟಿರ್ಲಿಲ್ಲ. ಅಲ್ಲೇ ಮಣ್ಣು ಮಾಡಿದ್ವಿ."

"ಅಲ್ಲೇ ಮಣ್ಣಾ?" ಎಂದ ಮಾವ ಹನುಮಣ್ಣ.

ಕೆಲವು ತಿಂಗಳಾದ ಮೇಲೆ, ಸತ್ತ ಮಗನ ಆಸೆಯೆಂದು ಹನುಮಣ್ಣ ಯತ್ತಪ್ಪನ ಕೈಲೇ ಮನೆಗೆ ಬುನಾದಿ ತೋಡಿಸಿದ. ಕಲ್ಲಿಡುವ ದಿನ ನೆಂಟರೆಲ್ಲ ಸೇರಿದರು. ಪಾಲಮ್ಮ ಅಲ್ಲೇ ಕೂತು ಸಾರಿಗೆ ಖಾರ ಅರೆಯುತ್ತಿದ್ದಳು. ಮೈದುನ ಅಜ್ಜಪ್ಪ ಟಗರನ್ನು ತಂದು ಕಟ್ಟಿ, ಮಚ್ಚನ್ನು ಯತ್ತಪ್ಪನ ಕೈಗಿತ್ತ. ಯತ್ತಪ್ಪ ಅದನ್ನು ಕೆಳಗಿಟ್ಟುಬಿಟ್ಟ.

"ಬ್ಯಾಡ ಕಣ್ರಿ ಹನುಮಣ್ಣ. ಇಷ್ಟು ವರ್ಷ ನಾನು ಹೇಳಿದ್ದೆಲ್ಲ ಸುಳ್ಳು. ಅಷ್ಟು ದೊಡ್ಡ ಊರು ಕಟ್ತಾ ಅವ್ರೆ, ಒಂದು ಕೋಳೀನೂ ಕುಯ್ಲಿಲ್ಲ. ಸಿಮೆಂಟು, ಕಬ್ಬಿಣ ಸರಿಯಾಗಿದ್ರೆ ಗೋಡೆ ನಿಲ್ತೈತೆ."

ಹನುಮಣ್ಣನ ಮುಖ ಕಪ್ಪಿಟ್ಟಿತು.

"ಕೋಳೀನೂ ಕುಯ್ಲಿಲ್ವಾ? ಮನೆಗೇ ಟಗರು ಕೇಳೋ ಭೂಮ್ತಾಯಿ, ಒಂದು ದೇಶದ ರಾಜಧಾನಿಗೆ ಏನ್ ಕೇಳ್ತಾಳೆ, ಹೇಳ್ಲೇ! ನನ್ ಮಗನ ಹೆಣ ಯಾಕ್ ತರ್ಲಿಲ್ಲ? ಅವನ್ನ ಬುನಾದಿಗೆ ಹಾಕಿ ಬಂದೀಯ!"

ಅಯ್ಯೋ, ಎಂಥ ಲೆಕ್ಕವಪ್ಪ! ಆ ಲೆಕ್ಕ ಕಲಿಸಿದವನೂ ಯತ್ತಪ್ಪನೇ. ಅವನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಪ್ಪನ ಹಾರೆ ಅವನ ಮಂಡಿಗೆ ಬಿತ್ತು. ಬುನಾದಿಯೊಳಕ್ಕೆ ಉರುಳಿದವನ ಮೇಲೆ ನೆಂಟರು ಬುನಾದಿಗೆ ತಂದಿದ್ದ ಸೈಜುಗಲ್ಲು ಎತ್ತಿ ಹಾಕಿದರು. ಎಲುಬು ಮುರಿದ ಸದ್ದು ಪಾಲಮ್ಮನಿಗೆ ಕೇಳಿಸಿತು.

"ಬಿಡ್ರೋ! ಹಲಗೆ ಸರಿ ಇಲ್ಲ ಅಂತ ನನ್ ಗಂಡನೇ ಹೇಳಿದ್ದ ಕಣ್ರೋ!" ಎಂದು ಕಿರುಚುತ್ತಾ ಒಳಕ್ಕೆ ಹಾರಿ ಯತ್ತಪ್ಪನಿಗೆ ಅಡ್ಡ ಬಿದ್ದಳು. ಅಜ್ಜಪ್ಪ ಅವಳ ತುರುಬು ಹಿಡಿದು ಎಳೆದ. ಕೊನೆಯ ಕಲ್ಲನ್ನು ಹನುಮಣ್ಣನೇ ಎರಡೂ ಕೈಯಲ್ಲಿ ಎತ್ತಿ ಹಾಕಿದ. ಯತ್ತಪ್ಪನ ತಲೆ ಒಡೆಯಿತು.

ನೆಂಟರು ಒಬ್ಬೊಬ್ಬರೇ ಹಿಂದೆ ಸರಿದರು. ಹನುಮಣ್ಣ ಸೊಸೆಯ ಕಡೆ ತಿರುಗಿದ.

"ಪಾಲಮ್ಮ, ಯಾರಾನ ಕೇಳಿದ್ರೆ ಕಲ್ಲು ಜಾರಿ ಬಿತ್ತು ಅನ್ನವ್ವ. ಇದು ನಿನ್ ಗಂಡನ ಮನೆ."

ಪಾಲಮ್ಮ ರಕ್ತ ಮೆತ್ತಿದ ಸೀರೆಯಲ್ಲೇ ಎದ್ದು ನಿಂತಳು. ಮಾವನನ್ನು ಅವಳು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

"ಮನುಷ್ಯನ ರಕ್ತಾನೇ ಬಿತ್ತಲ್ಲ, ಕಟ್ಕೋ ಮನೆ. ಹಲಗೆ ಜಾರ್ತು ಅನ್ನೋ ನಿಜಾನ ನೀನು ನಂಬ್ಲಿಲ್ಲ. ಕಲ್ಲು ಜಾರ್ತು ಅನ್ನೋ ಸುಳ್ಳು ನನ್ ಬಾಯಾಗೆ ಹೇಳಿಸ್ತೀಯಾ?"

ಟಗರಿನ ಹಗ್ಗ ಬಿಚ್ಚಿ ಬಿಟ್ಟಳು. ಸೀರೆ ಬದಲಿಸದೆ, ಠಾಣೆಗೆ ಹೋಗಲು ಮೊಳಕಾಲ್ಮೂರಿನ ಬಸ್ಸು ಹತ್ತಿದಳು.