ಏರಿ ಬಂದ್

ಗಂಡ ತೀರಿಕೊಂಡ ಮೇಲೆ ಉಮಾಮಹೇಶ್ವರಿಗೆ ಹೊರಗೆ ಹೋಗಲು ಉಳಿದಿದ್ದು ಒಂದೇ ದಾರಿ, ಭದ್ರಾವತಿಯ ನೀರಾವರಿ ಚಾನಲ್‌ನ ಏರಿ. ಶಂಕರಘಟ್ಟದಲ್ಲಿ ಎಂ.ಎ. ಮಾಡಿದ್ದಳು. ಶಾಲೆಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಾಗ ಮಾವ ಮೂರ್ತಪ್ಪ ಒಂದು ಕರಾರು ಹಾಕಿದ್ದರು: "ಸೈಕಲ್ಲಲ್ಲಿ ಏರಿ ಮೇಲೇ ಹೋಗಿ ಏರಿ ಮೇಲೇ ಬಾ. ಪೇಟೇಲಿ ಕಾಣಿಸ್ಕೋಬೇಡ." ಪೇಟೆಯಲ್ಲಿ ಅವರ ಜವಳಿ ಅಂಗಡಿ. ಮದುವೆ ಸೀರೆಗೆ ಬರುವವರ ಕಣ್ಣಿಗೆ ಈ ಸೊಸೆ ಬೀಳಬಾರದು.

ಐದು ತಿಂಗಳು ಹಾಗೇ ನಡೆಯಿತು. ಭತ್ತದ ಕೊಯ್ಲಿಗೆಂದು ನೀರು ನಿಲ್ಲಿಸಿದ್ದೇ ತಡ, ಚಾನಲ್‌ಗೆ ಸಿಮೆಂಟ್ ಹಾಕುವವರು ಬಂದು ಏರಿಯನ್ನು ಅಗೆದು ಬಿದಿರು ಅಡ್ಡ ಕಟ್ಟಿದರು. ಮೂರು ದಿನ ಮನೆಯಲ್ಲಿ ಕೂತಳು. ನಾಳೆ ಬೆಲ್ಲಿಗೆ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಶಾಲೆಯಿಂದ ಹೇಳಿ ಕಳಿಸಿದರು.

"ಮಾವ, ನಾಳೆ ಒಂದಿನ ಪೇಟೆ ಮೇಲೆ ಹೋಗ್ಲಾ?"

"ಏರಿ ದಾರಿ ಬಿಟ್ಟ ಮೇಲೆ ಹೋಗು."

ಅತ್ತೆ ತುಂಗಮ್ಮ ಅಡಿಗೆಮನೆಯಿಂದಲೇ ಅಂದರು: "ಅಷ್ಟು ಅವಸರ ಇದ್ರೆ ಚಾನಲ್ ಒಳಗೇ ಹೋಗು ಮಾರಾಯ್ತಿ. ನೀರಂತೂ ಇಲ್ಲ."

ಮಾವ ನಕ್ಕರು. ಉಮಾ ಅದನ್ನು ಅಪ್ಪಣೆ ಎಂದುಕೊಂಡಳು.

ಬೆಳಿಗ್ಗೆ ದನ ಇಳಿಯುವ ಜಾಗದಲ್ಲಿ ಸೈಕಲ್ ಇಳಿಸಿದಳು. ಮೊದಲು ಒಣಗಿದ ಕೆಸರು, ಆಮೇಲೆ ಹೊಸ ಸಿಮೆಂಟ್. ಎರಡೂ ಕಡೆ ಗೋಡೆ, ಮೇಲೆ ಒಂದು ಪಟ್ಟಿ ಆಕಾಶ. ಹೆದರಿಕೆಯಾಗಲಿಲ್ಲ. ಗಂಡ ಹೋದ ದಿನ ಅಳುವೂ ಬಂದಿರಲಿಲ್ಲ. ಪೆಡಲ್ ತುಳಿದಳು.

ಶಾಲೆ ಇದ್ದದ್ದು ಪೇಟೆ ಸೇತುವೆಯ ಪಕ್ಕ; ಅದರ ಹಿಂಬಾಗಿಲು ಏರಿಗೇ ತೆರೆಯುತ್ತಿತ್ತು. ಅಲ್ಲಿ ಹತ್ತಬಹುದೆಂದುಕೊಂಡಿದ್ದ ಮಣ್ಣಿನ ಇಳಿಜಾರು ಈಗ ಬೋಳು ಸಿಮೆಂಟ್. ಮೂರು ಸಲ ಸೈಕಲ್ ನೂಕಿದಳು, ಮೂರು ಸಲವೂ ಅದರ ಜೊತೆ ಜಾರಿದಳು.

"ಯಾರಮ್ಮಾ ಒಳಗೆ? ನಿಮ್ಗೆ ರೋಡ್ ಇರ್ಲಿಲ್ವಾ?" ಕೆಲಸದ ಮೇಸ್ತ್ರಿ ಮುರುಗೇಶಪ್ಪ ಮೇಲಿನಿಂದ ಬಗ್ಗಿ ಕೇಳಿದ.

"ಇರ್ಲಿಲ್ಲ."

ಅವನು ಹಗ್ಗ ಇಳಿಬಿಟ್ಟ. "ಸೈಕಲ್ ಆಮೇಲೆ ನೋಡೋಣ. ನೀವು ಬನ್ನಿ."

"ಮೊದ್ಲು ಸೈಕಲ್ ಎಳೀರಿ." ಸೈಕಲ್ ಇಲ್ಲವೆಂದರೆ ನಾಳೆ ಮನೆಯಲ್ಲಿ ಅಪ್ಪಣೆಯೂ ಇಲ್ಲ.

ಸೈಕಲ್ ಮೇಲೆ ಹೋಯಿತು. ಸೇತುವೆಯ ಕಟ್ಟೆಗೆ ಅಷ್ಟರಲ್ಲಿ ಜನ ಕವಿದಿದ್ದರು.

"ಜವಳಿ ಅಂಗಡಿ ಮೂರ್ತಪ್ಪೋರ ಸೊಸೆ ಅಲ್ವೇನೋ?"

"ಥೂ, ಸುಮ್ನಿರೋ. ಆ ಮನೆ ಹೆಣ್ಮಕ್ಳು ಇಲ್ಯಾಕ್ ಬರ್ತಾರೆ?"

"ಅವ್ಳೇ ಕಣೋ! ಅಂಗಡೀಗೆ ಹೋಗಿ ಹೇಳ್ರೋ."

ಯಾರೋ ಓಡಿದ ಸದ್ದು. ಹಗ್ಗ ಮತ್ತೆ ಕೆಳಗೆ ಬಂತು. ಸೇತುವೆಯ ಅಡಿಯಲ್ಲಿ ಕತ್ತಲಿತ್ತು. ಜನ ಚದುರುವವರೆಗೂ ಅಲ್ಲಿ ನಿಲ್ಲಬಹುದಿತ್ತು. ಶಾಲೆಯ ಬೆಲ್ ಹೊಡೆಯತೊಡಗಿತು.

ಉಮಾ ಸೆರಗು ಸಿಕ್ಕಿಸಿ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಳು.

"ಎಳೀರಿ," ಅಂದಳು.